ಟೆಟ್ ಹಬ್ಬದ ವಾರಕ್ಕೇ ಹನೋಯ್ ಟಿಕೆಟ್ ಬುಕ್ ಆಗಿದೆ, ಹೋಗಬಹುದಾ?

ಪ್ರಶ್ನೆ: ನಾವು ದಾವಣಗೆರೆಯವರು. ನಾನು, ನನ್ನ ಹೆಂಡತಿ, ಒಂಬತ್ತು ವರ್ಷದ ಮಗ ಮತ್ತು 68 ವರ್ಷದ ಅಮ್ಮ ವಿಯೆಟ್ನಾಂ ನೋಡಲು ಹೊರಟಿದ್ದೇವೆ. ಬೆಂಗಳೂರಿನಿಂದ ಹನೋಯ್‌ಗೆ ಕಡಿಮೆ ದರದ ಟಿಕೆಟ್ ಸಿಕ್ಕಿತು ಅಂತ 2027ರ ಫೆಬ್ರವರಿ 4ಕ್ಕೆ ಹೋಗಿ 11ಕ್ಕೆ ವಾಪಸ್ ಬರುವಂತೆ ಬುಕ್ ಮಾಡಿದೆ. ದುಡ್ಡು ಕಟ್ಟಿದ ಮೇಲೆ ಗೊತ್ತಾಯಿತು, 6ನೇ ತಾರೀಕು ಅವರ ಹೊಸ ವರ್ಷವಂತೆ. ನಮ್ಮ ಪ್ಲಾನ್ ಹೀಗಿದೆ: 4 ಮತ್ತು 5 ಹನೋಯ್. 6ಕ್ಕೆ ಹಾಲಾಂಗ್ ಕೊಲ್ಲಿಗೆ ಹೋಗಿ ಬಂದು, ಅದೇ ರಾತ್ರಿ ರೈಲಿನಲ್ಲಿ ಡಾನಾಂಗ್. 7ರಿಂದ 9ರವರೆಗೆ ಹೋಯ್ ಆನ್ ಮತ್ತು ಬಾನಾ ಹಿಲ್ಸ್. ಹೋಯ್ ಆನ್‌ನಲ್ಲಿ ಬಟ್ಟೆ ಹೊಲಿಸಬೇಕು ಅಂತ ಹೆಂಡತಿಗೆ ಆಸೆ. 10ಕ್ಕೆ ವಿಮಾನದಲ್ಲಿ ವಾಪಸ್ ಹನೋಯ್. ಅಲ್ಲಿಗೆ ಹೋಗಿಬಂದ ಒಬ್ಬ ಗೆಳೆಯ 'ಊರೆಲ್ಲ ಬಂದ್ ಆಗಿರುತ್ತೆ, ಊಟಕ್ಕೂ ಗತಿ ಇರಲ್ಲ, ಎಲ್ಲದಕ್ಕೂ ಮೂರು ಪಟ್ಟು ರೇಟು' ಎಂದು ಹೆದರಿಸಿದ್ದಾರೆ. ಇನ್ನೊಬ್ಬರು 'ಆವಾಗಲೇ ಹೋಗಬೇಕು, ಪಟಾಕಿ, ಮೆರವಣಿಗೆ, ಭಾರಿ ಮಜಾ' ಅನ್ನುತ್ತಾರೆ. ಅಮ್ಮ ಮೊಟ್ಟೆಯನ್ನೂ ಮುಟ್ಟುವುದಿಲ್ಲ, ಬಿಪಿ ಮಾತ್ರೆ ತಗೊಳ್ಳುತ್ತಾರೆ. ಕ್ಯಾನ್ಸಲ್ ಮಾಡಿದರೆ ಹೆಚ್ಚಿನ ದುಡ್ಡು ಹೋಗುತ್ತದೆ. ಏನು ಮಾಡಲಿ?

ಉತ್ತರ: ಟಿಕೆಟ್ ಕ್ಯಾನ್ಸಲ್ ಮಾಡಬೇಡಿ, ಪ್ಲಾನ್ ಬದಲಾಯಿಸಿ. ನಿಮ್ಮ ಎಂಟು ದಿನಗಳಲ್ಲಿ ನಿಜವಾದ ಇಕ್ಕಟ್ಟು ಇರುವುದು 6ನೇ ತಾರೀಕು ಶನಿವಾರ. ಇಡೀ ದೇಶ ಮನೆಯಲ್ಲಿ ಕೂತಿರುವ ಆ ಒಂದು ದಿನಕ್ಕೇ ನೀವು ಬಸ್ಸು, ದೋಣಿ, ರಾತ್ರಿ ರೈಲು ಎಲ್ಲವನ್ನೂ ಇಟ್ಟುಕೊಂಡಿದ್ದೀರಿ. ಅದೊಂದನ್ನು ಸರಿಮಾಡಿಕೊಂಡರೆ ಉಳಿದದ್ದು ಅಷ್ಟು ಕಷ್ಟವಲ್ಲ.

ಪ್ರವಾಸ ಏರ್ಪಡಿಸುವುದೇ ನನ್ನ ಕೆಲಸವಾದ್ದರಿಂದ ಪ್ರತಿ ಚಳಿಗಾಲದಲ್ಲೂ ಈ ಪ್ರಶ್ನೆ ನನ್ನ ಮುಂದೆ ಬರುತ್ತದೆ. ಬೆಂಗಳೂರಿನಿಂದ ನೇರ ವಿಮಾನ ಶುರುವಾದ ಮೇಲಂತೂ ಜಾಸ್ತಿ. ನಿಮ್ಮ ಗೆಳೆಯರಿಬ್ಬರೂ ಸುಳ್ಳು ಹೇಳುತ್ತಿಲ್ಲ. ಒಬ್ಬರು ಹಬ್ಬದ ದಿನ ಹೋಗಿದ್ದಾರೆ, ಇನ್ನೊಬ್ಬರು ಹಬ್ಬದ ಹಿಂದಿನ ವಾರ ಹೋಗಿರಬೇಕು. ಟೆಟ್ ಸಮಯದ ಹನೋಯ್ ಒಂದೇ ಊರಲ್ಲ. ಹಬ್ಬಕ್ಕೆ ಮುಂಚೆ ಅದು ಉಸಿರಾಡಲೂ ಜಾಗವಿಲ್ಲದ ಸಂತೆ. ಹಬ್ಬದ ದಿನ ಖಾಲಿ ಊರು. ಎರಡು ಮೂರು ದಿನ ಕಳೆದ ಮೇಲೆ ಹೊಸ ಬಟ್ಟೆ ಹಾಕಿಕೊಂಡು ಗುಡಿ ಗುಂಡಾರ ಸುತ್ತುವ ಊರು. ಯಾವ ದಿನ ನೀವು ಎಲ್ಲಿರುತ್ತೀರಿ ಅನ್ನುವುದರ ಮೇಲೆ ಎಲ್ಲವೂ ನಿಂತಿದೆ.

ಮೊದಲು ಕ್ಯಾಲೆಂಡರ್ ನೋಡೋಣ. ಟೆಟ್ ಚಾಂದ್ರಮಾನ ಹೊಸ ವರ್ಷ. ಜನವರಿ 21ರಿಂದ ಫೆಬ್ರವರಿ 20ರ ನಡುವೆ ಯಾವಾಗ ಬೇಕಾದರೂ ಬರುತ್ತದೆ. ಅಧಿಕ ಮಾಸ ಅವರಿಗೂ ಉಂಟು. ಒಂದೇ ವ್ಯತ್ಯಾಸ, ನಾವು ಅಮಾವಾಸ್ಯೆಯ ಮಾರನೆಯ ದಿನ ಪಾಡ್ಯ ಎಣಿಸುತ್ತೇವೆ, ಅವರು ಅಮಾವಾಸ್ಯೆ ಬೀಳುವ ದಿನವನ್ನೇ ತಿಂಗಳ ಮೊದಲ ದಿನ ಅನ್ನುತ್ತಾರೆ. ಹಾಗಾಗಿ 2027ರ ಫೆಬ್ರವರಿ 6 ನಿಮ್ಮ ಅಮ್ಮನ ಪಂಚಾಂಗದಲ್ಲಿ ಅಮಾವಾಸ್ಯೆ, ಹನೋಯ್‌ನಲ್ಲಿ ಹೊಸ ವರ್ಷ. ಈ ಸಲ ಅವರ ಕೊನೆಯ ತಿಂಗಳಿಗೆ 29 ದಿನ ಮಾತ್ರ. ಅಂದರೆ ವರ್ಷದ ಕೊನೆಯ ರಾತ್ರಿ 5ನೇ ತಾರೀಕು ಶುಕ್ರವಾರ.

ಚೀನೀ ಹೊಸ ವರ್ಷದ ತಾರೀಕು ನೋಡಿದರೆ ಸಾಕು ಅಂತ ಕೆಲವರು ಹೇಳುತ್ತಾರೆ. ಸಾಮಾನ್ಯವಾಗಿ ಸಾಕು, ಆದರೆ ಯಾವಾಗಲೂ ಅಲ್ಲ. ಎರಡು ದೇಶಗಳ ಗಡಿಯಾರಕ್ಕೆ ಒಂದು ಗಂಟೆಯ ವ್ಯತ್ಯಾಸ ಇದೆ. ಅಮಾವಾಸ್ಯೆ ಸರಿಯಾಗಿ ಆ ಗಂಟೆಯೊಳಗೆ ಬಿದ್ದರೆ ಹಬ್ಬವೇ ಬೇರೆ ದಿನಕ್ಕೆ ಹೋಗುತ್ತದೆ. 2007ರಲ್ಲಿ ವಿಯೆಟ್ನಾಂ ಒಂದು ದಿನ ಮೊದಲು ಆಚರಿಸಿತು, 2030ರಲ್ಲೂ ಹಾಗೇ ಆಗಲಿದೆ. 1968ರಲ್ಲಿ ಯುದ್ಧ ನಡೆಯುತ್ತಿದ್ದಾಗ ಉತ್ತರ ವಿಯೆಟ್ನಾಂ ಗಡಿಯಾರದ ಲೆಕ್ಕ ಬದಲಿಸಿಕೊಂಡಿದ್ದರಿಂದ ಉತ್ತರಕ್ಕೆ ಒಂದು ದಿನ, ದಕ್ಷಿಣಕ್ಕೆ ಮಾರನೆಯ ದಿನ ಟೆಟ್ ಬಂದಿತ್ತು. ನಿಮ್ಮ ವರ್ಷಕ್ಕೆ ಈ ತಲೆನೋವಿಲ್ಲ. ಆದರೆ ಅಲ್ಲಿ ಯಾರ ಮುಂದೆಯೂ 'ಚೈನೀಸ್ ನ್ಯೂ ಇಯರ್' ಅನ್ನಬೇಡಿ. ಟೆಟ್ ಅನ್ನಿ ಸಾಕು.

ಈಗ ನಿಮ್ಮ ದಿನಗಳಿಗೆ ಬರೋಣ.

4ನೇ ತಾರೀಕು ಗುರುವಾರ ನೀವು ಇಳಿಯುವುದು ಹಬ್ಬದ ಸಂತೆಯ ನಡುವೆ. ಬೈಕಿನ ಹಿಂದೆ ಆಳೆತ್ತರದ ಪೀಚ್ ಹೂವಿನ ಗಿಡ, ಹಳದಿ ಕಿತ್ತಳೆ ತುಂಬಿದ ಕುಂಕ್ವಾಟ್ ಗಿಡ ಕಟ್ಟಿಕೊಂಡು ಜನ ಹೋಗುತ್ತಿರುತ್ತಾರೆ. ಹಳೆ ಪೇಟೆಯ ಹಾಂಗ್ ಲುವಕ್ ಬೀದಿಯಲ್ಲಿ ಹೂವಿನ ಸಂತೆ, ಹಾಂಗ್ ಮಾ ಬೀದಿಯಲ್ಲಿ ಕೆಂಪು ಅಲಂಕಾರದ ಸಾಮಾನು. ಪಶ್ಚಿಮ ಕೆರೆಯ ಕಡೆ ಕ್ವಾಂಗ್ ಬಾ ಎಂಬ ಸಗಟು ಹೂವಿನ ಮಾರುಕಟ್ಟೆ ರಾತ್ರಿಯಿಡೀ ನಡೆಯುತ್ತದೆ. ಟೆಟ್ ನೋಡಲು ಬಂದವರು ನಿಜವಾಗಿ ನೋಡಬೇಕಾದದ್ದು ಇದನ್ನೇ ಅಂತ ನನ್ನ ಅಭಿಪ್ರಾಯ. ಹಬ್ಬಕ್ಕಿಂತ ಹಬ್ಬದ ತಯಾರಿ ಚೆಂದ. ಸುಸ್ತಾಗಿದ್ದರೂ ಆ ದಿನ ಹೋಟೆಲಲ್ಲಿ ಮಲಗಬೇಡಿ.

5ರ ಮಧ್ಯಾಹ್ನದವರೆಗೂ ಇದೇ ಗದ್ದಲ. ಆಮೇಲೆ ಒಂದೊಂದೇ ಷಟರ್ ಕೆಳಗಿಳಿಯುತ್ತದೆ. ಮಾರಾಟವಾಗದೆ ಉಳಿದ ಗಿಡಗಳನ್ನು ಸಿಕ್ಕಿದ ಬೆಲೆಗೆ ಕೊಟ್ಟು ವ್ಯಾಪಾರಿಗಳು ಊರಿಗೆ ಹೊರಡುತ್ತಾರೆ. ಸಂಜೆ ಎಲ್ಲರ ಮನೆಯಲ್ಲೂ ಹಿರಿಯರಿಗೆ ಎಡೆ ಇಡುವ ಕೆಲಸ. ರಾತ್ರಿ ಹತ್ತರ ಹೊತ್ತಿಗೆ ಮತ್ತೆ ಜನ ಬೀದಿಗೆ ಬರುತ್ತಾರೆ, ಹೊವಾನ್ ಕಿಯೆಮ್ ಕೆರೆಯ ಸುತ್ತ ಕಾಲಿಡಲು ಜಾಗ ಇರುವುದಿಲ್ಲ. ಹನ್ನೆರಡಕ್ಕೆ ಸರ್ಕಾರವೇ ಸುಮಾರು ಕಾಲು ಗಂಟೆ ಬಾಣಬಿರುಸು ಹಾರಿಸುತ್ತದೆ.

ನಿಮ್ಮ ಎರಡನೇ ಗೆಳೆಯರು ಹೇಳಿದ 'ಪಟಾಕಿ' ಇಷ್ಟೇ. ಅಪಘಾತಗಳು ಜಾಸ್ತಿಯಾದವು ಅಂತ ಜನ ಪಟಾಕಿ ಸಿಡಿಸುವುದನ್ನು 1995ರಿಂದಲೇ ಅಲ್ಲಿ ನಿಷೇಧಿಸಿದ್ದಾರೆ. ಬೀದಿಯಲ್ಲಿ ಸರಮಾಲೆ ಸಿಡಿಯುತ್ತದೆ ಅಂತ ಅಮ್ಮ ಹೆದರಬೇಕಿಲ್ಲ. ಮೆರವಣಿಗೆಯನ್ನೂ ನಿರೀಕ್ಷಿಸಬೇಡಿ. ಟೆಟ್ ಬೀದಿಯ ಹಬ್ಬವಲ್ಲ, ಮನೆಯ ಹಬ್ಬ. ಪ್ರವಾಸಿಗರಿಗೆ ಬೇಸರವಾಗುವುದೂ ಇದರಿಂದಲೇ. ಹಬ್ಬ ಜೋರಾಗಿ ನಡೆಯುತ್ತಿರುತ್ತದೆ, ಆದರೆ ಬಾಗಿಲ ಒಳಗೆ.

ಮಧ್ಯರಾತ್ರಿಯ ನಂತರ ಜನ ಪಗೋಡಗಳಿಗೆ ಹೋಗುತ್ತಾರೆ. ದಾರಿಯಲ್ಲಿ ಹೆಂಗಸರು ಸಣ್ಣ ಪೊಟ್ಟಣಗಳಲ್ಲಿ ಉಪ್ಪು ಮಾರುತ್ತಿರುತ್ತಾರೆ. ವರ್ಷದ ಮೊದಲಿಗೆ ಉಪ್ಪು ಕೊಳ್ಳಬೇಕು, ಕೊನೆಗೆ ಸುಣ್ಣ ಕೊಳ್ಳಬೇಕು ಅಂತ ಅಲ್ಲಿ ಗಾದೆ ಇದೆ. ಮಗನ ಕೈಯಲ್ಲಿ ಒಂದು ಪೊಟ್ಟಣ ಕೊಳ್ಳಿಸಿ.

ಒಂದು ಮಾತು ನೆನಪಿಡಿ. ಆ ರಾತ್ರಿ ಕೆರೆಯ ಸುತ್ತಲಿನ ರಸ್ತೆಗಳಿಗೆ ವಾಹನ ಬಿಡುವುದಿಲ್ಲ, ಫೋನಿನ ಆ್ಯಪ್‌ನಲ್ಲಿ ಕರೆಸುವ ಗ್ರ್ಯಾಬ್ ಟ್ಯಾಕ್ಸಿ ಸಿಗುವುದೂ ಕಷ್ಟ. ಕೆರೆಯಿಂದ ನಡೆದೇ ಹೋಗುವಷ್ಟು ಹತ್ತಿರದಲ್ಲಿ ಹೋಟೆಲ್ ಇರಲಿ. ಅಮ್ಮ ಮತ್ತು ಮಗನನ್ನು ಜನಜಂಗುಳಿಯೊಳಗೆ ಕರೆದುಕೊಂಡು ಹೋಗುವುದಕ್ಕಿಂತ ಎತ್ತರದ ಹೋಟೆಲಿನ ಮಹಡಿಯಿಂದ ನೋಡುವುದು ವಾಸಿ. ಬುಕ್ ಮಾಡುವಾಗಲೇ ಮೇಲೆ ಜಾಗ ಇದೆಯಾ ಅಂತ ಕೇಳಿಕೊಳ್ಳಿ.

6ನೇ ತಾರೀಕು ಬೆಳಿಗ್ಗೆ ಎದ್ದು ಹೊರಗೆ ಬಂದರೆ ರಸ್ತೆ ಖಾಲಿ. ಬೈಕುಗಳ ನಡುವೆ ರಸ್ತೆ ದಾಟುವುದೇ ಸಾಹಸವಾಗಿರುವ ಹನೋಯ್‌ನಲ್ಲಿ ಅವತ್ತು ನೀವು ರಸ್ತೆ ಮಧ್ಯದಲ್ಲೇ ನಡೆಯಬಹುದು. ಫೋಟೋ ತೆಗೆಯುವವರಿಗೆ ಇಂಥ ದಿನ ಮತ್ತೆ ಸಿಗುವುದಿಲ್ಲ. ಹಸಿದವರಿಗೆ ಮಾತ್ರ ಕಷ್ಟ.

ಹೀಗೆ ಯಾಕೆ ಆಗುತ್ತದೆ ಅಂತ ತಿಳಿದರೆ ಅರ್ಧ ಆತಂಕ ಕಡಿಮೆಯಾಗುತ್ತದೆ. ಹನೋಯ್, ಹೊ ಚಿ ಮಿನ್ ಸಿಟಿ ಎರಡೂ ವಲಸೆ ಬಂದವರಿಂದ ನಡೆಯುವ ನಗರಗಳು. ಅಡುಗೆ ಮಾಡುವವರು, ಬಡಿಸುವವರು, ಟ್ಯಾಕ್ಸಿ ಓಡಿಸುವವರು, ಹಣ್ಣು ಮಾರುವವರು ಬಹುಪಾಲು ಬೇರೆ ಜಿಲ್ಲೆಯವರು. ವರ್ಷವಿಡೀ ದುಡಿದು, ಟೆಟ್ ಬೋನಸ್ ಇಸ್ಕೊಂಡು ಊರಿಗೆ ಹೊರಡುತ್ತಾರೆ. ಕಾನೂನಿನ ಪ್ರಕಾರವೇ ಟೆಟ್‌ಗೆ ಐದು ದಿನ ಸಂಬಳ ಸಹಿತ ರಜೆ. ಅದರ ಹಿಂದೆ ಮುಂದೆ ಶನಿವಾರ ಭಾನುವಾರ ಸೇರಿ ಒಂದು ವಾರ ದಾಟುತ್ತದೆ. ರಜೆಯ ದಿನ ಕೆಲಸ ಮಾಡಿಸಿದರೆ ಮಾಲೀಕ ಕನಿಷ್ಠ ಮೂರು ಪಟ್ಟು ಕೂಲಿ ಕೊಡಬೇಕು, ಅದೂ ರಜೆಯ ಸಂಬಳ ಬಿಟ್ಟು. ಸಣ್ಣ ಅಂಗಡಿಯವರು 'ಅಷ್ಟು ಕೊಟ್ಟು ಯಾಕೆ ತೆಗೀಬೇಕು' ಅಂತ ಮುಚ್ಚುತ್ತಾರೆ. ತೆಗೆದವರು ಬಿಲ್ಲಿನ ಮೇಲೆ ಹಬ್ಬದ ಹೆಚ್ಚುವರಿ ಹಾಕುತ್ತಾರೆ. ನಿಮ್ಮ ಗೆಳೆಯರಿಗೆ ಮೋಸ ಅನ್ನಿಸಿದ್ದು ಇದೇ ಇರಬೇಕು. ಮೆನುವಿನಲ್ಲಿ ಚೀಟಿ ಅಂಟಿಸಿದ್ದರೆ ಅದು ಮೋಸವಲ್ಲ. ಚೀಟಿ ಇಲ್ಲದಿದ್ದರೆ ಆರ್ಡರ್ ಕೊಡುವ ಮುಂಚೆ ಕೇಳಿ.

ಅಂಗಡಿಗಳು ಮತ್ತೆ ತೆರೆಯುವುದೂ ಒಂದೇ ದಿನ ಅಲ್ಲ. ಒಳ್ಳೆಯ ದಿನ, ಘಳಿಗೆ ನೋಡಿ ಬಾಗಿಲು ತೆಗೆಯುತ್ತಾರೆ. ಐದನೇ ದಿನ ಹೊರಗೆ ಹೊರಟರೆ ನಷ್ಟ ಅನ್ನುವ ನಂಬಿಕೆ ಹಳಬರಲ್ಲಿ ಇದೆ. ಹೀಗಾಗಿ ಕೆಲವರು ನಾಲ್ಕಕ್ಕೇ ತೆಗೆದುಬಿಡುತ್ತಾರೆ, ಕೆಲವರು ಆರು ಅಥವಾ ಎಂಟರವರೆಗೆ ಕಾಯುತ್ತಾರೆ. ನಿಮ್ಮ ಲೆಕ್ಕದಲ್ಲಿ ನಾಲ್ಕನೇ ದಿನ ಅಂದರೆ 9ನೇ ತಾರೀಕು. ಅಷ್ಟರಲ್ಲಿ ಪ್ರವಾಸಿಗರು ಓಡಾಡುವ ಕಡೆಗಳಲ್ಲಿ ಮುಕ್ಕಾಲು ಭಾಗ ತೆರೆದಿರುತ್ತದೆ.

'ಎಲ್ಲಾ ಬಂದ್' ಅನ್ನುವುದು ಮೊದಲ ದಿನಕ್ಕೂ ಪೂರ್ತಿ ನಿಜವಲ್ಲ. ಪಗೋಡಗಳು ತೆರೆದಿರುತ್ತವೆ. ಸಾಹಿತ್ಯ ದೇಗುಲ ಎಂದು ಕರೆಯುವ ವಾನ್ ಮಿಯೆವ್ ಸಾಮಾನ್ಯವಾಗಿ ಹಬ್ಬದಲ್ಲೂ ತೆರೆದಿರುತ್ತದೆ. ಪರೀಕ್ಷೆ ಬರೆಯುವ ಮಕ್ಕಳನ್ನು ಕರೆದುಕೊಂಡು ಜನ ಅಲ್ಲಿಗೆ ಬರುತ್ತಾರೆ. ಅದರ ಎದುರಿನ ಕೊಳದ ಬಳಿ ಹಿರಿಯ ಲಿಪಿಕಾರರು ಕೆಂಪು ಕಾಗದದ ಮೇಲೆ ಕುಂಚದಿಂದ ಒಂದೊಂದು ಶುಭ ಅಕ್ಷರ ಬರೆದುಕೊಡುತ್ತಾರೆ. ದೊಡ್ಡ ಹೋಟೆಲುಗಳು, 24 ಗಂಟೆಯ ಕೆಲವು ಸಣ್ಣ ಅಂಗಡಿಗಳು, ಕೆರೆಯ ಸುತ್ತಲಿನ ಕೆಲವು ಕಾಫಿ ಅಂಗಡಿಗಳು ನಡೆಯುತ್ತವೆ. ಮುಚ್ಚಿರುವುದು ವಸ್ತು ಸಂಗ್ರಹಾಲಯ, ಬ್ಯಾಂಕು, ಮಾರುಕಟ್ಟೆ, ಬೀದಿ ಬದಿ ಊಟ, ಬಹಳಷ್ಟು ಔಷಧಿ ಅಂಗಡಿ. ಹೊ ಚಿ ಮಿನ್ ಸಮಾಧಿ ಎಂದಿನಂತೆ ಸೋಮವಾರ ಮತ್ತು ಶುಕ್ರವಾರ ಇರುವುದಿಲ್ಲ. ನೋಡಲೇಬೇಕು ಅಂದರೆ ಯಾವ ದಿನ ತೆರೆದಿರುತ್ತದೆ ಅಂತ ಮೊದಲೇ ವಿಚಾರಿಸಿಕೊಳ್ಳಿ. ಹಬ್ಬದ ದಿನಗಳ ಸಮಯವನ್ನು ಪ್ರತಿ ವರ್ಷ ಬೇರೆಯಾಗಿ ಪ್ರಕಟಿಸುತ್ತಾರೆ.

ಅಮ್ಮನ ಊಟದ ವಿಷಯ ಸ್ವಲ್ಪ ವಿವರವಾಗಿ ಹೇಳುತ್ತೇನೆ. ನಮ್ಮವರು ಎಡವುವುದು ಇಲ್ಲೇ.

ವಿಯೆಟ್ನಾಂನಲ್ಲಿ ಬೌದ್ಧ ಸಸ್ಯಾಹಾರದ ಗಟ್ಟಿ ಸಂಪ್ರದಾಯ ಇದೆ. ಅದಕ್ಕೆ 'ಚಾಯ್' ಅನ್ನುತ್ತಾರೆ. ಬೋರ್ಡಿನಲ್ಲಿ ಸಿ, ಎಚ್, ಎ, ವೈ ಅಂತ ನಾಲ್ಕು ಅಕ್ಷರ ಕಂಡರೆ ಅದು ಚಹಾ ಅಂಗಡಿ ಅಲ್ಲ, ಸಸ್ಯಾಹಾರಿ ಹೋಟೆಲು. ತಿಂಗಳ ಮೊದಲ ದಿನ ಮತ್ತು ಹುಣ್ಣಿಮೆಯ ದಿನ ಬಹಳ ಜನ ಮಾಂಸ ಬಿಡುತ್ತಾರೆ. ಕಟ್ಟುನಿಟ್ಟಿನ ಚಾಯ್ ಅಡುಗೆಯಲ್ಲಿ ಈರುಳ್ಳಿ, ಬೆಳ್ಳುಳ್ಳಿಯೂ ಇರುವುದಿಲ್ಲ. ಅಮ್ಮನಿಗೆ ಇದಕ್ಕಿಂತ ಒಳ್ಳೆ ಊಟ ಅಲ್ಲಿ ಸಿಗಲಾರದು. ಆದರೆ ಹಬ್ಬದ ಹಿಂದಿನ ಸಂಜೆ ಮತ್ತು ಮೊದಲ ದಿನ ಈ ಹೋಟೆಲುಗಳಲ್ಲೂ ಹಲವು ಮುಚ್ಚುತ್ತವೆ. ಪಗೋಡದ ಹತ್ತಿರ ಇರುವವು ತೆರೆದಿರುವ ಸಾಧ್ಯತೆ ಜಾಸ್ತಿ. ಅದನ್ನೇ ನಂಬಿಕೊಂಡು ಕೂರಬೇಡಿ.

ಚಾಯ್ ಹೋಟೆಲ್ ಬಿಟ್ಟು ಬೇರೆ ಕಡೆ 'ವೆಜಿಟೇರಿಯನ್' ಅಂದರೆ ಮಾಂಸದ ತುಂಡು ಇಲ್ಲ ಅಂತ ಅಷ್ಟೇ ಅರ್ಥ. ಪಲ್ಯಕ್ಕೆ ಮೀನಿನ ಸಾಸ್ ಬಿದ್ದಿರುತ್ತದೆ, ಫೋ ಎಂಬ ನೂಡಲ್ಸ್ ಸೂಪಿನ ಸಾರು ಮೂಳೆಯದ್ದಾಗಿರುತ್ತದೆ. 'ತೋಯ್ ಆನ್ ಚಾಯ್' ಅಂದರೆ ನಾನು ಸಸ್ಯಾಹಾರಿ. 'ಖೋಂಗ್ ನುವಕ್ ಮಾಮ್' ಅಂದರೆ ಮೀನಿನ ಸಾಸ್ ಬೇಡ. 'ಖೋಂಗ್ ಚುಂಗ್' ಅಂದರೆ ಮೊಟ್ಟೆ ಬೇಡ. ಬಾಯಲ್ಲಿ ಹೇಳಿದರೆ ಉಚ್ಚಾರ ತಪ್ಪಿ ಅರ್ಥವಾಗದಿರಬಹುದು. ಅವರ ಲಿಪಿಯಲ್ಲಿ ಬರೆಸಿ ಫೋನಿನಲ್ಲಿಟ್ಟುಕೊಂಡು ತೋರಿಸಿ. ಹಬ್ಬದ ವಿಶೇಷ ತಿಂಡಿ ಬಾನ್ ಚುಂಗ್. ಅಂಟು ಅಕ್ಕಿ, ಹೆಸರು ಬೇಳೆಯನ್ನು ಎಲೆಯಲ್ಲಿ ಚೌಕಾಕಾರವಾಗಿ ಕಟ್ಟಿ ಹತ್ತು ಹನ್ನೆರಡು ಗಂಟೆ ಬೇಯಿಸುತ್ತಾರೆ. ನೋಡಿದರೆ ನಮ್ಮವರಿಗೆ ಆಸೆಯಾಗುತ್ತದೆ, ಆದರೆ ಒಳಗೆ ಹಂದಿ ಮಾಂಸ ಇರುತ್ತದೆ. ಚಾಯ್ ಬಾನ್ ಚುಂಗ್ ಬೇರೆಯೇ ಸಿಗುತ್ತದೆ, ಅದನ್ನೇ ಕೇಳಿ 5ರ ಬೆಳಿಗ್ಗೆಯೇ ಕೊಂಡಿಡಿ. ಒಂದೆರಡು ದಿನ ಕೆಡುವುದಿಲ್ಲ.

ಹಳೆ ಪೇಟೆಯಲ್ಲಿ ಭಾರತೀಯ ಹೋಟೆಲುಗಳಿವೆ, ಅವುಗಳಲ್ಲಿ ಹಲವು ಹಬ್ಬದಲ್ಲೂ ನಡೆಯುತ್ತವೆ. ಹೊರಡುವ ಮೊದಲೇ ಒಂದೆರಡು ಕಡೆ ವಾಟ್ಸಾಪ್ ಮಾಡಿ, 5ರ ರಾತ್ರಿ ಮತ್ತು 6ರ ಮಧ್ಯಾಹ್ನಕ್ಕೆ ತೆರೆದಿರುತ್ತೀರಾ ಅಂತ ಕೇಳಿ ಟೇಬಲ್ ಹೇಳಿಡಿ. ನಿಮ್ಮ ಹೋಟೆಲಿನಲ್ಲಿ 6ಕ್ಕೆ ಬೆಳಗಿನ ತಿಂಡಿ ಇದೆಯಾ ಅಂತ ಖಚಿತ ಮಾಡಿಕೊಳ್ಳಿ. ಸಣ್ಣ ಹೋಟೆಲುಗಳಲ್ಲಿ ಅಡುಗೆಯವರೇ ಇರುವುದಿಲ್ಲ. ಇಷ್ಟಾದರೂ ಅವಲಕ್ಕಿ, ಚಟ್ನಿಪುಡಿ, ಮಂಡಕ್ಕಿ, ಬಿಸಿನೀರು ಹಾಕಿದರೆ ಆಗುವ ಉಪ್ಪಿಟ್ಟಿನ ಪ್ಯಾಕೆಟ್ಟು ಚೀಲದಲ್ಲಿರಲಿ. ದಾವಣಗೆರೆಯವರಿಗೆ ಮಂಡಕ್ಕಿ ತಗೊಂಡು ಹೋಗಿ ಅಂತ ನಾನು ಹೇಳಬೇಕಾಗಿಲ್ಲ, ಅಲ್ವಾ?

ಓಡಾಟದ ವಿಷಯದಲ್ಲಿ ಒಂದು ಗುಟ್ಟು ಹೇಳುತ್ತೇನೆ. ಟೆಟ್ ರಶ್ಶು ಎರಡೂ ಕಡೆಗೆ ಸಮನಾಗಿ ಇರುವುದಿಲ್ಲ. ಹಬ್ಬಕ್ಕೆ ಮುಂಚೆ ದಕ್ಷಿಣದ ಹೊ ಚಿ ಮಿನ್ ಸಿಟಿಯಿಂದ ಉತ್ತರ ಮತ್ತು ಮಧ್ಯ ವಿಯೆಟ್ನಾಂಗೆ ಬರುವ ರೈಲು, ವಿಮಾನಗಳು ತುಂಬಿರುತ್ತವೆ. ಎದುರು ದಿಕ್ಕಿನಲ್ಲಿ ಸೀಟು ಖಾಲಿ. ಹಬ್ಬ ಮುಗಿದ ಮೇಲೆ ಅದು ತಿರುಗುಮುರುಗು. ಟೆಟ್ ರೈಲು ಟಿಕೆಟ್‌ಗಳು ತಿಂಗಳುಗಳ ಮುಂಚೆಯೇ ಮಾರಾಟಕ್ಕೆ ಬರುವುದರಿಂದ, ರಶ್ಶಿನ ದಿಕ್ಕಿನಲ್ಲಿ ಹೋಗುವವರು ಕೊನೆ ಗಳಿಗೆಯಲ್ಲಿ ಟಿಕೆಟ್ ಹುಡುಕಿ ಪ್ರಯೋಜನ ಇಲ್ಲ. ನಿಮ್ಮ ಹನೋಯ್–ಡಾನಾಂಗ್ ಪ್ರಯಾಣ ಮೊದಲ ದಿನವೇ ಇರುವುದರಿಂದ ಸೀಟು ಸಿಗಬಹುದು. ಆದರೆ ಆ ದಿನ ಓಡುವ ರೈಲುಗಳೇ ಕಡಿಮೆ. ಸುಮಾರು 16–17 ಗಂಟೆಯ ಹಾದಿ, ರೈಲಿನಲ್ಲಿ ಅಮ್ಮನಿಗೆ ಸಸ್ಯಾಹಾರ ಅನ್ನುವುದು ಅನುಮಾನ. ಅದರ ಮೇಲೆ ಬೆಳಿಗ್ಗೆ ಹಾಲಾಂಗ್‌ಗೆ ಹೋಗಿ ಬಂದಿರಬೇಕು. ದೋಣಿ ಅಥವಾ ಬಸ್ಸು ಎರಡು ಗಂಟೆ ತಡವಾದರೂ ರೈಲು ತಪ್ಪುತ್ತದೆ. ಹಬ್ಬದ ದಿನ ರೈಲು ತಪ್ಪಿದರೆ ಇನ್ನೊಂದು ದಾರಿ ಹುಡುಕಿಕೊಡಲು ಕೌಂಟರಿನಲ್ಲೂ ಜನ ಇರುವುದಿಲ್ಲ. ಈ ಪ್ಲಾನ್ ಬೇಡವೇ ಬೇಡ.

ರೇಟಿನ ವಿಷಯ. ಹನೋಯ್‌ನ ಹೋಟೆಲ್ ದರ ಟೆಟ್‌ನಲ್ಲಿ ಮೂರು ಪಟ್ಟು ಆಗುತ್ತದೆ ಅನ್ನುವುದು ಸುಮ್ನೆ ಮಾತು. ಊರು ಖಾಲಿಯಾಗುವಾಗ ರೂಮಿಗೆ ಬೇಡಿಕೆ ಎಲ್ಲಿಂದ ಬರಬೇಕು? ಏರುವುದು ಡಾನಾಂಗ್, ನ್ಯಾ ಚಾಂಗ್, ಫು ಕ್ವಾಕ್, ಸಾಪಾ, ಡಾಲಾತ್‌ನಂಥ ರಜೆ ಕಳೆಯುವ ಊರುಗಳಲ್ಲಿ. ಎರಡನೇ ದಿನದಿಂದ ವಿಯೆಟ್ನಾಂ ಕುಟುಂಬಗಳೇ ಅಲ್ಲಿಗೆ ಹೊರಡುತ್ತವೆ. ಬಾನಾ ಹಿಲ್ಸ್‌ನ ಚಿನ್ನದ ಸೇತುವೆ ನೋಡಲು ನೀವು ಇಟ್ಟುಕೊಂಡಿರುವ ದಿನ ಕೇಬಲ್ ಕಾರಿನ ಸಾಲು ನೋಡಿದರೆ ಅಮ್ಮ ಅಲ್ಲೇ ಕೂತುಬಿಡುತ್ತಾರೆ. ಹೋಗಲೇಬೇಕೆಂದರೆ ಬೆಳಗಿನ ಮೊದಲ ಕೇಬಲ್ ಕಾರು ಹಿಡಿಯಿರಿ. ನಾನಾದರೆ ಬಿಟ್ಟುಬಿಡುತ್ತೇನೆ.

ಬಟ್ಟೆ ಹೊಲಿಸುವ ಆಸೆ ಈ ತಾರೀಕುಗಳಲ್ಲಿ ಕೈಗೂಡುವುದು ಕಷ್ಟ. ಹೋಯ್ ಆನ್‌ನ ಟೈಲರ್‌ಗಳು ಹಬ್ಬಕ್ಕೆ ಮುಂಚೆಯೇ ಹೊಸ ಆರ್ಡರ್ ನಿಲ್ಲಿಸುತ್ತಾರೆ. ತೆರೆದ ಮೇಲೂ ಹೊಲಿಯುವ ಕೈಗಳು ಊರಿಂದ ವಾಪಸ್ ಬಂದಿರುವುದಿಲ್ಲ. ಅದರ ಬದಲು 4ರಂದೇ ಹನೋಯ್‌ನ ರೇಷ್ಮೆ ಬೀದಿ ಹಾಂಗ್ ಗಾಯ್‌ನಲ್ಲಿ ಸಿದ್ಧ ಆವ್ ಜಾಯ್ (ಅಲ್ಲಿನ ಹೆಂಗಸರ ಸಾಂಪ್ರದಾಯಿಕ ಉದ್ದನೆಯ ಉಡುಪು) ನೋಡಿ. 6ರಂದು ಅದನ್ನೇ ಉಟ್ಟು ಪಗೋಡಕ್ಕೆ ಹೋಗಬಹುದು. ಅವತ್ತು ಊರಿನ ಹೆಂಗಸರೆಲ್ಲ ಅದರಲ್ಲೇ ಇರುತ್ತಾರೆ.

ಹಾಗಾದರೆ ಏನು ಮಾಡಬಹುದು?

ನನ್ನ ಸಲಹೆ: 4, 5, 6 ಮೂರೂ ದಿನ ಹನೋಯ್‌ನಲ್ಲೇ, ಒಂದೇ ಹೋಟೆಲಿನಲ್ಲಿ. 6ಕ್ಕೆ ಏನೂ ಬುಕ್ ಮಾಡಬೇಡಿ. ತಡವಾಗಿ ಎದ್ದು, ಖಾಲಿ ಬೀದಿ ಸುತ್ತಿ, ಪಶ್ಚಿಮ ಕೆರೆಯ ದಡದ ಚಾನ್ ಕ್ವಾಕ್ ಪಗೋಡ ಮತ್ತು ವಾನ್ ಮಿಯೆವ್ ನೋಡಿ ಬನ್ನಿ. 7ಕ್ಕೆ ಹೋಟೆಲಿನವರೇ ಗೊತ್ತುಮಾಡಿದ ಕಾರಿನಲ್ಲಿ ನಿನ್ ಬಿನ್‌ಗೆ ಹೋಗಿ. ನೂರು ಕಿಲೋಮೀಟರಿನೊಳಗಿನ ದಾರಿ, ಚಾಂಗ್ ಆನ್‌ನ ಸುಣ್ಣಕಲ್ಲು ಬೆಟ್ಟಗಳ ನಡುವೆ ಹುಟ್ಟುಹಾಕುವ ದೋಣಿ. ಹಾಲಾಂಗ್‌ಗೆ ಅದಕ್ಕಿಂತ ದೂರ ಜಾಸ್ತಿ. ಹಬ್ಬದ ವಾರ ಅಲ್ಲಿ ಎಲ್ಲಾ ದೋಣಿಗಳೂ ಓಡುವುದಿಲ್ಲ. ಹಾಲಾಂಗೇ ಬೇಕು ಅಂದರೆ 'ಈ ತಾರೀಕು ಹೊರಡುವುದು ಖಚಿತ' ಎಂದು ಬರಹದಲ್ಲಿ ತರಿಸಿಕೊಳ್ಳಿ. 8ಕ್ಕೆ ವಿಮಾನದಲ್ಲಿ ಡಾನಾಂಗ್, ಎರಡು ರಾತ್ರಿ ಹೋಯ್ ಆನ್. ವಾಹನ ಬಿಡದ ಹಳೇ ಬೀದಿಗಳು, ಸಮತಟ್ಟು ಜಾಗ, ಅಮ್ಮನಿಗೆ ನಡೆಯಲು ಸುಲಭ. 10ಕ್ಕೆ ವಾಪಸ್ ಹನೋಯ್. ಈ ವಾಪಸ್ ವಿಮಾನ ಮಾತ್ರ ಈಗಲೇ ಬುಕ್ ಮಾಡಿ, ರಜೆ ಮುಗಿಸಿದವರೆಲ್ಲ ಅದೇ ದಿನಗಳಲ್ಲಿ ಹೊರಡುತ್ತಾರೆ. ಅದು ಸಿಗಲಿಲ್ಲ ಅಥವಾ ತೀರಾ ದುಬಾರಿ ಅನ್ನಿಸಿದರೆ ಹೋಯ್ ಆನ್ ಕೈಬಿಟ್ಟು ಉತ್ತರದಲ್ಲೇ ಇದ್ದುಬಿಡಿ. 11ರ ಅಂತರರಾಷ್ಟ್ರೀಯ ವಿಮಾನ ಮುಂದಿಟ್ಟುಕೊಂಡು ರಿಸ್ಕ್ ಬೇಡ.

ವಿಮಾನ ಕಂಪನಿ ಸಣ್ಣ ಶುಲ್ಕಕ್ಕೆ ತಾರೀಕು ಬದಲಿಸಲು ಬಿಟ್ಟರೆ ಇನ್ನೆರಡು ದಾರಿಗಳಿವೆ. ಒಂಬತ್ತು ದಿನ ಮುಂದಕ್ಕೆ ಹಾಕಿ 13ರಿಂದ 20ರವರೆಗೆ ಹೋದರೆ ಅಂಗಡಿಗಳೆಲ್ಲ ತೆರೆದಿರುತ್ತವೆ, ಟೈಲರ್‌ಗಳು ಕೆಲಸಕ್ಕೆ ಬಂದಿರುತ್ತಾರೆ, ವಸಂತದ ಜಾತ್ರೆಗಳು ನಡೆಯುತ್ತಿರುತ್ತವೆ. ಹುಣ್ಣಿಮೆಯ ಹಿಂದಿನ ದಿನ, ಅಂದರೆ ಅವರ ತಿಂಗಳ 14ರಂದು, ಹೋಯ್ ಆನ್ ಹಳೇ ಪೇಟೆಯಲ್ಲಿ ವಿದ್ಯುತ್ ದೀಪ ಆರಿಸಿ ಲಾಟೀನು ಹಚ್ಚುತ್ತಾರೆ. ಆ ಸಲ ಅದು ಫೆಬ್ರವರಿ 19. ಟೆಟ್‌ನ ಮಧ್ಯರಾತ್ರಿ ಮಾತ್ರ ತಪ್ಪುತ್ತದೆ. ಹಿಂದಕ್ಕೆ ಹಾಕಿ ಜನವರಿ 28ರ ಆಸುಪಾಸು ಹೋದರೆ ಸಂತೆಯ ಸಂಭ್ರಮ ಪೂರ್ತಿ ಸಿಗುತ್ತದೆ. ಜನವರಿ 30ರಂದು ಅಡುಗೆಮನೆ ದೇವರುಗಳನ್ನು ಸ್ವರ್ಗಕ್ಕೆ ಕಳುಹಿಸುವ ದಿನ. ದೇವರಿಗೆ ಸವಾರಿ ಬೇಕಲ್ಲ, ಅದಕ್ಕೆ ಕೆರೆಗಳಲ್ಲಿ ಜೀವಂತ ಮೀನು ಬಿಡುತ್ತಾರೆ. ಎರಡರಲ್ಲಿ ನನ್ನ ಓಟು ಹಿಂದಿನ ವಾರಕ್ಕೆ. ಆದರೆ ಮಗನಿಗೆ ಶಾಲೆ, ನಿಮಗೆ ರಜೆ ಹೊಂದಬೇಕಲ್ಲ.

ಇನ್ನು ನಡವಳಿಕೆಯ ಒಂದೆರಡು ಮಾತು. ಹೊಸ ವರ್ಷದ ದಿನ ಮನೆಗೆ ಮೊದಲು ಕಾಲಿಡುವವರಿಂದ ವರ್ಷದ ಅದೃಷ್ಟ ನಿರ್ಧಾರವಾಗುತ್ತದೆ ಅಂತ ಅವರು ನಂಬುತ್ತಾರೆ. ಯಾರನ್ನು ಮೊದಲು ಕರೆಯಬೇಕು ಅಂತ ಮೊದಲೇ ತೀರ್ಮಾನಿಸಿರುತ್ತಾರೆ. ಹಾಗಾಗಿ 6ರ ಬೆಳಿಗ್ಗೆ ಬಾಗಿಲು ತೆರೆದಿದೆ ಅಂತ ಯಾರ ಮನೆಯೊಳಗೂ ಇಣುಕಬೇಡಿ. ಕರೆದರೆ ಹೋಗಿ. ಅಂಗಡಿಗಳಲ್ಲಿ ಬೋಣಿಯ ವಿಷಯದಲ್ಲೂ ಅಷ್ಟೇ. ಬೆಳಿಗ್ಗೆ ಮೊದಲ ಗಿರಾಕಿಯಾಗಿ ಹೋಗಿ, ಚೌಕಾಸಿ ಮಾಡಿ, ಕೊಳ್ಳದೆ ಬಂದರೆ ಅವರಿಗೆ ದಿನವೇ ಕೆಟ್ಟ ಹಾಗೆ. ಹೋಟೆಲಿನ ಹುಡುಗರಿಗೆ, ಸಿಕ್ಕ ಮಕ್ಕಳಿಗೆ ಕೆಂಪು ಲಕೋಟೆಯಲ್ಲಿ 20,000 ಅಥವಾ 50,000 ಡಾಂಗ್‌ನ ಹೊಸ ನೋಟು ಕೊಡಿ. ಮೊತ್ತ ಮುಖ್ಯವಲ್ಲ, ನೋಟು ಗರಿಗರಿ ಇರಬೇಕು. ಅಮೆರಿಕದ ಎರಡು ಡಾಲರ್ ನೋಟಿಗೂ ಅಲ್ಲಿ ಭಾರಿ ಬೆಲೆ, ಅದು ಅದೃಷ್ಟ ತರುತ್ತದಂತೆ.

5ರೊಳಗೆ ಮೂರು ದಿನಕ್ಕಾಗುವಷ್ಟು ನಗದು ಇಟ್ಟುಕೊಳ್ಳಿ. ಹಬ್ಬದ ಹಿಂದಿನ ದಿನ ಎಟಿಎಂಗಳ ಮುಂದೆ ಸಾಲು ಇರುತ್ತದೆ, ಕೆಲವು ಖಾಲಿಯಾಗುತ್ತವೆ. 20,000 ಮತ್ತು 5,00,000ದ ನೋಟುಗಳೆರಡೂ ನೀಲಿ ಬಣ್ಣದವು. ಕತ್ತಲಲ್ಲಿ ಟ್ಯಾಕ್ಸಿಗೆ ದುಡ್ಡು ಕೊಡುವಾಗ ಸೊನ್ನೆ ಎಣಿಸಿ. ಅಮ್ಮನ ಬಿಪಿ ಮಾತ್ರೆ ಪೂರ್ತಿ ಪ್ರಯಾಣಕ್ಕೆ ಬೇಕಾದಕ್ಕಿಂತ ಒಂದು ವಾರ ಹೆಚ್ಚೇ ಇರಲಿ, ವೈದ್ಯರ ಚೀಟಿಯ ಜೊತೆ ಕೈಚೀಲದಲ್ಲಿ. ಆಂಬ್ಯುಲೆನ್ಸ್ ನಂಬರ್ 115. ಮತ್ತೆ, ಹನೋಯ್ ಆಗ ಬೆಚ್ಚಗಿರುವುದಿಲ್ಲ. ಜಿಟಿಜಿಟಿ ತುಂತುರು, 15 ಡಿಗ್ರಿಯ ಆಸುಪಾಸು, ಕೆಲವೊಮ್ಮೆ ಇನ್ನೂ ಕಡಿಮೆ. ಅಮ್ಮನಿಗೆ ಸ್ವೆಟರ್, ಟೋಪಿ ಬೇಕೇ ಬೇಕು.

ಕೊನೆಯದಾಗಿ ವೀಸಾ. ನೀವು ಪ್ರಶ್ನೆಯಲ್ಲಿ ಅದರ ಮಾತೇ ಎತ್ತಿಲ್ಲ. ಇ-ವೀಸಾಗೆ ಒಬ್ಬರಿಗೆ 25 ಡಾಲರ್, ಮೂರು ಕೆಲಸದ ದಿನ ಅಂತ ಹೇಳುತ್ತಾರೆ. ಆದರೆ ಟೆಟ್ ರಜೆಯಲ್ಲಿ ಆ ಕಚೇರಿಯೂ ಮುಚ್ಚಿರುತ್ತದೆ, ಅದಕ್ಕೆ ಮುಂಚಿನ ವಾರ ಅರ್ಜಿಗಳು ಗುಡ್ಡೆ ಬಿದ್ದಿರುತ್ತವೆ. ಸರ್ಕಾರಿ ಸೈಟಿನ ವಿಳಾಸ 'ಗವ್ ಡಾಟ್ ವಿಎನ್' ಎಂದು ಮುಗಿಯುತ್ತದೆ. ಹಾಗೆ ಮುಗಿಯದಿದ್ದರೆ ಅದು ದಲ್ಲಾಳಿಯ ಸೈಟು. ನಮ್ಮ ಕಡೆಯವರಿಗೆ ಇನ್ನೊಂದು ತೊಡಕು ಹೆಸರಿನದು. ಅಮ್ಮನ ಪಾಸ್‌ಪೋರ್ಟಿನಲ್ಲಿ ಸರ್‌ನೇಮ್ ಜಾಗ ಖಾಲಿ ಇರಬಹುದು, ನಿಮ್ಮದರಲ್ಲಿ ಇನಿಷಿಯಲ್ ಬಿಡಿಸಿ ಬರೆದಿರಬಹುದು. ಪಾಸ್‌ಪೋರ್ಟಿನ ಕೆಳಗಿನ ಎರಡು ಸಾಲುಗಳಲ್ಲಿ ಹೇಗಿದೆಯೋ ಹಾಗೆಯೇ ತುಂಬಿ, ಬಂದ ವೀಸಾದ ಒಂದೊಂದು ಅಕ್ಷರವನ್ನೂ ಹೋಲಿಸಿ ನೋಡಿ. ತಪ್ಪಿದ್ದರೆ ಹೊಸ ಅರ್ಜಿ ಹಾಕಬೇಕಾಗುತ್ತದೆ. ಅದಕ್ಕೂ ಸಮಯ ಉಳಿಯುವಂತೆ ಜನವರಿ ಮೊದಲ ವಾರದಲ್ಲೇ ನಾಲ್ಕೂ ಜನರ ಅರ್ಜಿ ಹಾಕಿಬಿಡಿ.